ದಾರಿ ಕಡಿದ ಊರಿಗೊಂದು ನೋಟ್‌ಬುಕ್: ಭಯಕ್ಕೆ ಊರು ಎರಡಾಗದಂತೆ ನೋಡಿಕೊಳ್ಳುವ ಬಗೆ

2019ರ ಆಶ್ಲೇಷ ಮಳೆಯ ನಾಲ್ಕನೆಯ ರಾತ್ರಿ ನಮ್ಮ ಊರಿನ ಮೇಲಿನ ಗುಡ್ಡದಿಂದ ಒಂದು ಸದ್ದು ಬಂತು. ಕರೆಂಟ್ ಹೋಗಿ ಮೂರು ದಿನವಾಗಿತ್ತು. ಟವರ್‌ನ ಡೀಸೆಲ್ ಮುಗಿದು ಮೊಬೈಲ್‌ಗಳು ಟಾರ್ಚ್ ಆಗಿ ಮಾತ್ರ ಉಳಿದಿದ್ದವು. ಪೇಟೆಯ ದಾರಿಗೆ ಧರೆ ಕುಸಿದಿತ್ತು, ಹಳ್ಳದ ಕಾಲುಸಂಕ ಕೊಚ್ಚಿಕೊಂಡು ಹೋಗಿತ್ತು. ಬಂಡೆ ಉರುಳಿದ ಸದ್ದು ಎಂದರು ಒಬ್ಬರು. ನೆಲದೊಳಗೆ ನೀರು ನುಗ್ಗಿದ ಸದ್ದು ಎಂದರು ಇನ್ನೊಬ್ಬರು. ಮೇಲಿನ ಎಸ್ಟೇಟಿನ ಕೆರೆ ಒಡೆದಿದೆ ಎಂದು ಮೂರನೆಯವರು ಕಣ್ಣಾರೆ ಕಂಡುಬಂದವರ ಹಾಗೆ ಹೇಳಿದರು. ಬೆಳಗಾಗುವ ಹೊತ್ತಿಗೆ ಕೆಳಗಿನ ಕೇರಿಯ ಹನ್ನೊಂದು ಮನೆಗಳಿಗೆ ಬೀಗ ಬಿದ್ದಿತ್ತು. ಎಸ್ಟೇಟಿನ ಮಣ್ಣುದಾರಿ ಹಿಡಿದು, ದಿಬ್ಬದ ಮೇಲಿನ ಶಾಲೆಗೆ ಅವರು ಹೋಗಿಬಿಟ್ಟಿದ್ದರು. ಊರಿಗಿದ್ದ ಒಂದೇ ಪಿಕಪ್ ಮತ್ತು ಸೊಸೈಟಿಯಲ್ಲಿದ್ದ ಎರಡು ಮೂಟೆ ಅಕ್ಕಿಯೂ ಅವರ ಜೊತೆಯೇ ಹೋಗಿದ್ದವು.

ಗುಡ್ಡ ಜರಿಯಲಿಲ್ಲ. ಆ ಸದ್ದು ಏನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಆಮೇಲೆ ಎರಡು ವರ್ಷ ಮೇಲಿನ ಕೇರಿಯವರು ಕೆಳಗಿನವರನ್ನು ಮದುವೆ ಮುಂಜಿಗಳಿಗೆ ಕರೆಯಲಿಲ್ಲ, ಕೆಳಗಿನವರು ಮೇಲಿನವರ ಸಾವಿಗೂ ಅಂಗಳದಿಂದಲೇ ತಿರುಗಿ ಬಂದರು. "ಅಕ್ಕಿ ಹೊತ್ತುಕೊಂಡು ಓಡಿದವರು" ಎಂದು ಇವರು, "ಬಾಗಿಲು ತಟ್ಟಿದರೂ ತೆರೆಯದವರು" ಎಂದು ಅವರು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕೆಳಗಿನ ಕೇರಿಯವರು ಹೊರಟದ್ದು ತಪ್ಪಲ್ಲ. ಅದರ ಹಿಂದಿನ ವರ್ಷ, 2018ರ ಆಗಸ್ಟ್ ನಡುವಿನಲ್ಲಿ, ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಹೇಗೆ ಇಳಿದು ಬಂದವೆಂದು ನಾವೆಲ್ಲ ನೋಡಿದ್ದೆವು. ಹೊರಟ ರೀತಿ ಕೆಟ್ಟಿತು. ತಮಗೆ ಗೊತ್ತಿದ್ದುದನ್ನು ಯಾರೋ ಮುಚ್ಚಿಟ್ಟರು ಎಂಬ ಗುಮಾನಿ ಎರಡೂ ಕಡೆ ಉಳಿಯಿತು. ಊರು ಎರಡಾದದ್ದು ಆ ಗುಮಾನಿಯಿಂದ.

ಮಲೆನಾಡಿನ ಒಂಟಿ ಊರುಗಳು, ಕೃಷ್ಣೆಗೆ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ದಾರಿ ಕಳೆದುಕೊಳ್ಳುವ ಲಿಂಗಸುಗೂರಿನ ನಡುಗಡ್ಡೆಗಳು, ದಿನಗಟ್ಟಲೆ ಹೊರಗಿನ ಸುದ್ದಿ ಸಿಗದ ಯಾವುದೇ ಜಾಗ, ಅಂಥಲ್ಲಿ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ನಾವು ಎಡವಿ ಕಲಿತದ್ದೇ ಇದರಲ್ಲಿ ಹೆಚ್ಚು.

ಮಳೆಗಾಲಕ್ಕೆ ಮೊದಲು: ಹಳೆಯ ಬಿರುಕುಗಳ ಲೆಕ್ಕ

ಭಯ ಹೊಸ ಬಿರುಕು ಮಾಡಿಕೊಳ್ಳುವ ಶ್ರಮ ತೆಗೆದುಕೊಳ್ಳುವುದಿಲ್ಲ, ಇರುವ ಬಿರುಕಿನಲ್ಲೇ ನುಗ್ಗುತ್ತದೆ. ನಮ್ಮಲ್ಲಿ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಅಬ್ಬಿ ನೀರಿನ ಪೈಪಿನ ಜಗಳ ಹದಿನೈದು ವರ್ಷದಿಂದ ಇತ್ತು. ಗುಡ್ಡದ ಸದ್ದು ಊರನ್ನು ಕೊಯ್ದದ್ದು ಸರಿಯಾಗಿ ಆ ಪೈಪಿನ ಗೆರೆಯಲ್ಲೇ. ಹಾಗಾಗಿ ಮೇ ತಿಂಗಳಲ್ಲಿಯೇ ಒಂದು ಸಂಜೆ ಕುಳಿತು, ನಿಮ್ಮ ಊರಿನಲ್ಲಿ ಯಾರು ಯಾರ ಮನೆಯ ಜಗಲಿ ಹತ್ತುವುದಿಲ್ಲ, ಯಾವ ಬೇಲಿ ಕೋರ್ಟಿನಲ್ಲಿದೆ, ಪಂಚಾಯಿತಿ ಚುನಾವಣೆಯಲ್ಲಿ ಯಾರು ಯಾರ ಮೇಲೆ ಮುನಿದರು, ಯಾವ ಜಾತಿಯ ಮನೆಗಳನ್ನು ಊರು ಎಂದಾಗ ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಪ್ರಾಮಾಣಿಕವಾಗಿ ಯೋಚಿಸಿ. ಅದನ್ನು ಕಾಗದದ ಮೇಲೆ ಬರೆಯುವುದು ಬೇಡ. ಬರೆದರೆ ಅದೇ ಇನ್ನೊಂದು ಜಗಳವಾದೀತು. ಆದರೆ ಆ ಗೆರೆಗಳು ಮನಸ್ಸಿನಲ್ಲಿರಲಿ.

ಆಮೇಲೆ ಇಬ್ಬರನ್ನು ಗೊತ್ತುಮಾಡಿ. ಒಬ್ಬರಲ್ಲ, ಇಬ್ಬರು, ಗೆರೆಯ ಆಚೆಯಿಂದ ಒಬ್ಬರು, ಈಚೆಯಿಂದ ಒಬ್ಬರು. ಅಧ್ಯಕ್ಷರು, ದೊಡ್ಡ ಹಿಡುವಳಿದಾರರು ಬೇಡ. ಹಾಲಿನ ಡೇರಿಯ ಕಾರ್ಯದರ್ಶಿ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಲೈನ್‌ಮನ್ ಇಂಥವರು ಒಳ್ಳೆಯದು, ಎಲ್ಲರ ಮನೆಯ ನಾಯಿಯೂ ಇವರನ್ನು ಕಂಡರೆ ಬೊಗಳುವುದಿಲ್ಲ. ದಾರಿ ಕಡಿದ ದಿನ ಎಲ್ಲಿ ಸೇರಬೇಕು ಎಂಬುದನ್ನೂ ಆಗಲೇ ನಿಶ್ಚಯಿಸಿ. ನಮ್ಮದು ಡೇರಿಯ ಜಗಲಿ. ಒಬ್ಬರ ಮನೆಯಂಗಳ ಎಂದಾದರೆ ಬಾರದವರು ಇರುತ್ತಾರೆ.

ಮಳೆ ಅಳೆಯುವವರು ಯಾರೆಂದು ಕೇಳಿ. ಮಲೆನಾಡಿನಲ್ಲಿ ಹತ್ತು ಊರಿಗೆ ಒಬ್ಬರಾದರೂ ದಿನಾ ಬೆಳಗ್ಗೆ ಮಳೆಮಾಪಕದ ನೀರು ಅಳೆದು ಇಂಚಿನ ಲೆಕ್ಕದಲ್ಲಿ ಡೈರಿಗೆ ಬರೆಯುವ ಹಿರಿಯರು ಸಿಗುತ್ತಾರೆ, ಕೆಲವರ ಬಳಿ ನಲವತ್ತು ವರ್ಷದ ದಾಖಲೆ ಇರುತ್ತದೆ. ಅಂಥವರು ನಿಮ್ಮ ಊರಿನ ಆಸ್ತಿ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲ ಗಂಟೆಗಳು

ಎಲ್ಲರ ತಲೆ ಎಣಿಸಿ. ಮನೆ ಎಣಿಸಿದರೆ ಸಾಲದು. ತೋಟದ ಲೈನ್‌ಮನೆಯಲ್ಲಿ (ಕೂಲಿಯವರ ಸಾಲುಮನೆಯಲ್ಲಿ) ಇರುವವರು, ಸಂಬಂಧಿಕರ ಮನೆಗೆ ಬಂದು ಸಿಕ್ಕಿಕೊಂಡವರು, ಹಾಸಿಗೆ ಹಿಡಿದವರು, ಎಲ್ಲರೂ. ಡಯಾಲಿಸಿಸ್, ಇನ್ಸುಲಿನ್, ಬಸುರಿಯರು ಎಲ್ಲಿದ್ದಾರೆ ಎಂಬುದು ಆ ದಿನವೇ ಗೊತ್ತಾಗಬೇಕು. ಇದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ನೋಟ್‌ಬುಕ್

ಈಗ ಮುಖ್ಯ ವಿಷಯ. ಇನ್ನೂರು ಪುಟದ ಒಂದು ನೋಟ್‌ಬುಕ್, ದಾರ ಕಟ್ಟಿದ ಒಂದು ಪೆನ್ಸಿಲ್ (ಒದ್ದೆ ಕಾಗದದ ಮೇಲೆ ಪೆನ್ನು ಕೈಕೊಡುತ್ತದೆ), ಸೇರುವ ಜಾಗದ ಗೋಡೆಗೆ ಒಂದು ಮೊಳೆ. ಪ್ರತಿ ಪುಟಕ್ಕೂ ಎರಡು ಉದ್ದ ಗೆರೆ ಎಳೆದು ಮೂರು ಕಾಲಂ ಮಾಡಿ: ಕಂಡದ್ದು, ಕೇಳಿದ್ದು, ಗೊತ್ತಿಲ್ಲದ್ದು.

ಮುಂದಿನ ವರ್ಷಗಳಲ್ಲಿ ನಮ್ಮಲ್ಲಿ ಬರೆದ ಒಂದು ಪುಟದಲ್ಲಿ ಹೀಗಿದೆ. ಕಂಡದ್ದು: "ಬೆಳಗ್ಗೆ 7, ಹಳ್ಳದ ನೀರು ಸಂಕದ ಎರಡನೆಯ ಕಲ್ಲಿನ ತನಕ, ನೋಡಿದವರು ಡೇರಿ ಶಾರದಕ್ಕ." ಕೇಳಿದ್ದು: "ಪೇಟೆಯಲ್ಲಿ ಆಸ್ಪತ್ರೆಗೂ ನೀರು ನುಗ್ಗಿದೆಯಂತೆ, ಹೇಳಿದವರು ಗುಡ್ಡ ದಾಟಿ ಬಂದ ಹುಡುಗ, ಅವನೂ ನೋಡಿಲ್ಲ." ಗೊತ್ತಿಲ್ಲದ್ದು: "ಕರೆಂಟ್ ಯಾವಾಗ. ಮೇಲಿನ ಕೆರೆಯ ಏರಿ ಗಟ್ಟಿಯಿದೆಯೇ."

ಇದಕ್ಕೆ ನಾವು ಕಷ್ಟಪಟ್ಟು ಕಲಿತ ಕೆಲವು ನಿಯಮಗಳಿವೆ. ಕಂಡದ್ದು ಎಂಬ ಕಾಲಂಗೆ ಹೋಗಬೇಕಾದರೆ ಕಂಡವರ ಹೆಸರೂ ಹೊತ್ತೂ ಬೇಕು. "ಎಲ್ಲರೂ ಹೇಳುತ್ತಿದ್ದಾರೆ" ಎಂಬುದು ಹೆಸರಲ್ಲ. ವದಂತಿ ತಂದವರನ್ನು ಗದರಬೇಡಿ. ಗದರಿದರೆ ಆ ಮಾತು ಹೇಳುವುದು ನಿಲ್ಲುವುದಿಲ್ಲ, ನಿಮ್ಮ ಎದುರಿಗೆ ಹೇಳುವುದು ಮಾತ್ರ ನಿಲ್ಲುತ್ತದೆ, ಹಿತ್ತಿಲ ಬಾಗಿಲುಗಳಲ್ಲಿ ಅದು ಓಡಾಡತೊಡಗುತ್ತದೆ. "ಬನ್ನಿ ರಾಜಣ್ಣ, ಬರೆದುಕೊಳ್ಳುತ್ತೇನೆ, ಯಾರು ಹೇಳಿದರು?" ಎಂದರೆ ಸಾಕು. ಅರ್ಧ ವದಂತಿಗಳು ಈ ಪ್ರಶ್ನೆಗೇ ಸೋರಿಹೋಗುತ್ತವೆ.

ಉಳಿದ ಅರ್ಧವನ್ನು ನೋಡಿಬರಬೇಕು. ನೋಡಿಬರಲು ಹೋಗುವವರು ಯಾವಾಗಲೂ ಇಬ್ಬರು, ಕೇರಿಗೊಬ್ಬರು. ಇದು ಬಹಳ ಮುಖ್ಯ. 2019ರಲ್ಲಿ ಮಾರನೆಯ ದಿನ ಮೇಲಿನ ಕೇರಿಯವರೇ ಮೂವರು ಹೋಗಿ ಕೆರೆ ನೋಡಿ ಬಂದು, ಏರಿ ಸರಿಯಿದೆ ಎಂದರು. ಅದು ನಿಜವೇ ಆಗಿತ್ತು. ಆದರೆ ಶಾಲೆಯಲ್ಲಿದ್ದವರು ನಂಬಲಿಲ್ಲ, ಯಾಕೆ ನಂಬಬೇಕು? ಅದೇ ಪೈಪಿನ ಜಗಳದ ಮೂವರು. ಒಬ್ಬ ಕೆಳಗಿನವನು ಜೊತೆಗಿದ್ದರೆ ಎರಡು ವರ್ಷದ ಮುನಿಸು ಅವತ್ತೇ ಅರ್ಧ ಇಳಿಯುತ್ತಿತ್ತು.

ದಿನಕ್ಕೆ ಎರಡು ಸಲ, ಬೆಳಗಿನ ಹಾಲಿನ ಹೊತ್ತಿಗೆ ಮತ್ತು ಸಂಜೆ ದೀಪ ಹಚ್ಚುವ ಮೊದಲು, ಪುಟವನ್ನು ಗಟ್ಟಿಯಾಗಿ ಓದಿ. ಬೆಳಗಿನ ಓದು ಮಳೆಯ ಅಳತೆಯಿಂದ ಶುರುವಾಗಲಿ. "ನಿನ್ನೆ ಒಂಬತ್ತು ಇಂಚು, ಇವತ್ತು ಆರು" ಎಂಬ ಒಂದು ಸಾಲು ಮಾಡುವ ಕೆಲಸವನ್ನು ಹತ್ತು ಸಮಾಧಾನದ ಮಾತು ಮಾಡಲಾರದು. ಏನೂ ಗೊತ್ತಿಲ್ಲದ ಕಡೆ ಖಚಿತವಾದ ಒಂದು ಅಂಕಿ ಸಿಕ್ಕರೆ ಜನ ಅದನ್ನು ಹಿಡಿದುಕೊಳ್ಳುತ್ತಾರೆ. ಅದೂ ನಲವತ್ತು ವರ್ಷ ಬರೆದವರು, "ಇಂಥದ್ದು ಹಿಂದೆಯೂ ಬಂದಿತ್ತು, ಆಗ ಹಳ್ಳ ಎಲ್ಲಿಯವರೆಗೆ ಏರಿತ್ತು ಗೊತ್ತೇ" ಎಂದು ಡೈರಿ ತೆರೆದರೆ ಮಕ್ಕಳೂ ಬಂದು ಕೂರುತ್ತಾರೆ. ಇಲ್ಲೊಂದು ಎಚ್ಚರಿಕೆ: ಹಿಂದೆ ಏನೂ ಆಗಲಿಲ್ಲ ಎಂಬುದು ಈ ಸಲವೂ ಆಗದು ಎಂಬುದಕ್ಕೆ ಸಾಕ್ಷಿಯಲ್ಲ. ಗುಡ್ಡದ ಬುಡವನ್ನು ಜೆಸಿಬಿಯಿಂದ ಕಡಿದು ದಾರಿ ಮಾಡಿದ ಮೇಲೆ ಅದು ನಿಮ್ಮ ಅಜ್ಜ ನೋಡಿದ ಗುಡ್ಡವಲ್ಲ.

ಮೂರನೆಯ ಕಾಲಂ ಬಗ್ಗೆ ನಾನು ಸ್ವಲ್ಪ ಹಟವಾದಿ. ಮುಂದಾಳುಗಳಿಗೆ ಅದನ್ನು ತುಂಬಲು ಸಂಕೋಚ. ಗೊತ್ತಿಲ್ಲ ಎಂದರೆ ಜನ ಕಂಗೆಡುತ್ತಾರೆ ಎಂಬ ಲೆಕ್ಕ. ನಾನು ಕಂಡದ್ದು ತಿರುವುಮುರುವು: ಎಲ್ಲ ಸರಿಯಿದೆ ಎಂದು ಅತಿಯಾಗಿ ಹೇಳುವವರ ಮುಖವನ್ನೇ ಜನ ಓದುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಜನಕ್ಕೆ ಜ್ವರ ಬಂದಾಗ ಅದು ಏನೆಂದು ವಿಜ್ಞಾನಿಗಳಿಗೇ ಗೊತ್ತಿರಲಿಲ್ಲ, ಮೊದಲು ಹಳದಿ ಜ್ವರವಿರಬಹುದೇ ಎಂದು ಸಂಶಯಪಟ್ಟರು. ಕಾಡಿನ ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ಆಮೇಲೆ ತಿಳಿಯಿತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಈ ಒಂದು ಸಾಲು ಮೂರನೆಯ ಕಾಲಂನಿಂದ ಮೊದಲನೆಯದಕ್ಕೆ ಬಂದರೆ, ಜ್ವರ ಬಂದ ಮನೆಗೆ ಗಂಜಿ ಕೊಡಲು ಹೆದರಬೇಕಿಲ್ಲ, ಸೌದೆಗೆ ಕಾಡಿಗೆ ಹೋಗುವಾಗ ಮಾತ್ರ ಹೆದರಬೇಕು. ಹೆದರಿಕೆಗೆ ಸರಿಯಾದ ವಿಳಾಸ ಸಿಗುತ್ತದೆ. ಅದಕ್ಕೆ ಮುಂಚೆ, ಇದು ಗೊತ್ತಿಲ್ಲ ಎಂದು ಯಾರಾದರೂ ಬರೆದಿರಬೇಕು.

ಅಕ್ಕಿ

ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಸಾನ್ ಹೊಸೆ ಎಂಬ ಗಣಿಯಿದೆ. 2010ರ ಆಗಸ್ಟ್ 5ರಂದು ಅದು ಕುಸಿದು 33 ಕಾರ್ಮಿಕರು ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಕೊಂಡರು. ಒಳಗಿದ್ದ ಆಹಾರ ಎರಡು ಮೂರು ದಿನಕ್ಕೆ ಸಾಲುವಷ್ಟು. 17 ದಿನ ಅವರು ಬದುಕಿರುವುದು ಮೇಲಿನವರಿಗೆ ಗೊತ್ತಾಗಲಿಲ್ಲ. ಇದನ್ನು ಒಗ್ಗಟ್ಟಿನ ಕಥೆಯಾಗಿ ಎಲ್ಲರೂ ಹೇಳುತ್ತಾರೆ, ಆದರೆ ಶುರುವಿನಲ್ಲಿ ನಡೆದದ್ದು ಬೇರೆ: ಕೆಲವರು ಆಹಾರದ ಪೆಟ್ಟಿಗೆ ಒಡೆದು ತಿಂದುಬಿಟ್ಟಿದ್ದರು. ನಮ್ಮೂರಿನ ಎರಡು ಮೂಟೆ ಅಕ್ಕಿಯ ನೆನಪಾಗಿ, ಇದನ್ನು ಓದಿದ ದಿನ ನನಗೆ ಒಂಥರಾ ನೆಮ್ಮದಿಯಾಯಿತು.

ಅಲ್ಲಿಂದ ಅವರು ಹೇಗೆ ಹಿಂದಿರುಗಿದರು ಎಂಬುದೇ ನಮಗೆ ಬೇಕಾದದ್ದು. ಉಳಿದ ಆಹಾರವನ್ನು ಎಲ್ಲರ ಎದುರಿಗೆ ಎಣಿಸಿದರು. ತಲೆಗೆ ಎರಡು ಚಮಚ ಡಬ್ಬಿ ಮೀನು, ಒಂದು ಗುಟುಕು ಹಾಲು, ಒಂದು ಬಿಸ್ಕತ್ತು. ಕೊನೆಗೆ ಅದೂ 48 ಗಂಟೆಗೊಮ್ಮೆ. ಎಲ್ಲರ ಕೈಗೂ ಬರುವ ತನಕ ಯಾರೂ ಬಾಯಿಗೆ ಇಡುತ್ತಿರಲಿಲ್ಲ. ಪಾಳಿಯ ಮುಖ್ಯಸ್ಥ ಲೂಯಿಸ್ ಉರ್ಸುವಾ ಇದ್ದರೂ ತೀರ್ಮಾನಗಳನ್ನು ಕೈ ಎತ್ತಿಸಿ ಮಾಡುತ್ತಿದ್ದರು: 33ರಲ್ಲಿ 17 ಕೈ ಎದ್ದರೆ ಆಯಿತು.

ನೀವು ಮಾಡಬೇಕಾದದ್ದು ಇಷ್ಟು. ಮೊದಲ ದಿನವೇ ಊರಿನ ಅಕ್ಕಿ, ಸೀಮೆಎಣ್ಣೆ, ಗ್ಯಾಸ್, ಡೀಸೆಲ್, ಜ್ವರದ ಮಾತ್ರೆ ಎಷ್ಟಿದೆ ಎಂದು ಬರೆದು ಓದಿ. ಮನೆಯೊಳಗಿನ ಡಬ್ಬ ತೆರೆಸಬೇಡಿ, ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಪ್ರತಿ ಮನೆಯವರೂ ಎಷ್ಟು ದಿನಕ್ಕೆ ಸಾಲುತ್ತದೆ ಎಂಬುದನ್ನು ತಾವೇ ಹೇಳಲಿ. ಕಡಿಮೆ ಹೇಳುವವರು ಇರುತ್ತಾರೆ. ಇರಲಿ ಬಿಡಿ. ಸೊಸೈಟಿಯ ಮೂಟೆಗಳ ಬೀಗದ ಕೈ ಮಾತ್ರ ಎರಡು ಕೇರಿಯ ಇಬ್ಬರ ಬಳಿ ಇರಲಿ, ಒಂದೇ ಬಾಗಿಲಿಗೆ ಎರಡು ಬೀಗ. ಸಾಧ್ಯವಾದರೆ ದಿನಕ್ಕೊಂದು ಹೊತ್ತು ಒಟ್ಟಿಗೆ ಅಡುಗೆ ಮಾಡಿ. ಬರೀ ಅನ್ನ ಸಾರು ಸಾಕು. ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡವರು ಅದೇ ರಾತ್ರಿ ಒಬ್ಬರ ಮೇಲೊಬ್ಬರು ಕಥೆ ಕಟ್ಟುವುದು ಸ್ವಲ್ಪ ಕಷ್ಟ. ಒಟ್ಟಿಗೆ ಉಣ್ಣಲು ಜಾತಿ ಅಡ್ಡ ಬರುತ್ತದೆ ಎಂದು ನನಗೂ ಗೊತ್ತು. ನಮ್ಮಲ್ಲಿ ಎರಡು ಮನೆಯವರು ಪಾತ್ರೆ ತಂದು ಸಾರು ತೆಗೆದುಕೊಂಡು ಹೋದರು, ಮೂರನೆಯ ದಿನ ಜಗಲಿಯ ತುದಿಯಲ್ಲಿ ಕುಳಿತೇ ಉಂಡರು.

ಹೊರಗಿನವರು

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಒಳಗೆ ಭಯ ಹೆಚ್ಚಿದಾಗ ಅದು ಮೊದಲು ಹುಡುಕುವುದು ಗುರುತಿಲ್ಲದ ಮುಖವನ್ನು. ನಮ್ಮ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದವರು ದುಡಿಯುತ್ತಾರೆ. 2019ರ ಆ ವಾರ ಲೈನ್‌ಮನೆಯ ಹುಡುಗರು ರಾತ್ರಿ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆ, ಏನೋ ಸಂಚಿದೆ ಎಂಬ ಮಾತು ಹುಟ್ಟಿತು. ಅವರ ಲೈನ್‌ಮನೆಯ ಮಾಡು ಸೋರಿ, ಮಕ್ಕಳನ್ನು ಎತ್ತಿಕೊಂಡು ಗೊಬ್ಬರದ ಶೆಡ್‌ಗೆ ಹೋಗುತ್ತಿದ್ದರು, ಅಷ್ಟೇ. ಕೇಳಲು ಯಾರೂ ಹೋಗಿರಲಿಲ್ಲ.

ಅದಕ್ಕೆ ಒಂದು ವರ್ಷ ಮುಂಚೆ, 2018ರಲ್ಲಿ, ಮಕ್ಕಳ ಕಳ್ಳರ ವಿಡಿಯೊ ಒಂದು ದೇಶವೆಲ್ಲ ಸುತ್ತಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಅರಿವಿಗೆ ಮಾಡಿದ ಚಿತ್ರ. ಬೈಕಿನವರು ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗಳ ಕಾರನ್ನು ಜನ ಬೆನ್ನಟ್ಟಿದರು, ಸುದ್ದಿ ಮೊಬೈಲ್‌ನಲ್ಲಿ ಕಾರಿಗಿಂತ ಮುಂಚೆ ಮುರ್ಕಿ ಎಂಬ ಊರಿಗೆ ತಲುಪಿತು, ಅಲ್ಲಿ ದಾರಿ ಕಟ್ಟಿದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತುಹೋದರು. ದಾರಿ ಕಟ್ಟಿದವರು ಹುಟ್ಟಾ ಕೊಲೆಗಡುಕರೇನಲ್ಲ, ಮಕ್ಕಳಿದ್ದ ಮನೆಯ ಜನ. ನನಗೆ ಹೆಚ್ಚು ಹೆದರಿಕೆಯಾಗುವುದು ಅದರಿಂದಲೇ.

ಹಾಗಾಗಿ ತಲೆ ಎಣಿಸುವಾಗ ಲೈನ್‌ಮನೆಯಿಂದಲೇ ಶುರುಮಾಡಿ. ಅವರಲ್ಲಿ ಕನ್ನಡವೋ ಹಿಂದಿಯೋ ಬರುವ ಒಬ್ಬರು ಜಗಲಿಯ ಓದಿಗೆ ದಿನವೂ ಬರಲಿ, ಅವರು ಕಂಡದ್ದನ್ನೂ ಪುಸ್ತಕದಲ್ಲಿ ಬರೆಯಿರಿ. ಗುಡ್ಡದ ಮೇಲೆ ದಿನವಿಡೀ ಇರುವವರು ಅವರು, ನೆಲ ಬಿರಿದರೆ ಮೊದಲು ಕಾಣುವುದು ಅವರಿಗೇ. ಯಾರ ಮೇಲಾದರೂ ಸಂಶಯದ ಮಾತು ಬಂದರೆ ನಿಯಮ ಒಂದೇ: ಕತ್ತಲೆಯಲ್ಲಿ ಯಾರೂ ಕೇಳಲು ಹೋಗಕೂಡದು. ಬೆಳಕಿನಲ್ಲಿ, ಇಬ್ಬರು, ಒಬ್ಬ ಹೆಂಗಸು ಜೊತೆಗಿದ್ದು, ಬರಿಗೈಯಲ್ಲಿ.

ಕಾಯಿಲೆಯ ಭಯಕ್ಕೂ ಇದೇ ಮಾತು. 2020ರ ಬೇಸಿಗೆಯಲ್ಲಿ ಎಷ್ಟೋ ಊರುಗಳು ದಾರಿಗೆ ಮುಳ್ಳು, ಮರದ ದಿಮ್ಮಿ ಅಡ್ಡ ಹಾಕಿಕೊಂಡವು. ಮುಂಬೈಯಿಂದ ಮರಳಿದ ಸ್ವಂತ ಊರಿನ ಮಕ್ಕಳೇ ಹೊರಗಿನವರಾದರು. ದೂರ ಇರಿಸಬೇಕಾದವರನ್ನು ದೂರ ಇರಿಸಿ, ಆದರೆ ದಿನಕ್ಕೆರಡು ಸಲ ಅವರನ್ನು ಹೆಸರು ಹಿಡಿದು ಕೂಗಿ ಮಾತನಾಡಿಸುವ ಒಬ್ಬರನ್ನು ನೇಮಿಸಿ.

ಹೊರಡುವುದೋ, ಇರುವುದೋ

ಗುಡ್ಡದ ಬುಡದ ಊರಾದರೆ ಕೆಲವು ಗುರುತುಗಳ ಬಗ್ಗೆ ಚರ್ಚೆಯೇ ಬೇಡ: ನೆಲದಲ್ಲಿ ಹೊಸ ಬಿರುಕು, ತಿಳಿಯಾಗಿದ್ದ ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಮರವೋ ಕರೆಂಟ್ ಕಂಬವೋ ವಾಲುವುದು, ನಿನ್ನೆ ಮುಚ್ಚುತ್ತಿದ್ದ ಬಾಗಿಲು ಇವತ್ತು ಸಿಕ್ಕಿಕೊಳ್ಳುವುದು, ಒಳಗಿನಿಂದ ಗುಡುಗಿನಂಥ ಸದ್ದು. ಇವುಗಳಲ್ಲಿ ಒಂದು ಕಂಡರೂ ಹೊರಡಿ. ಮತ ಹಾಕುವುದು ಅಕ್ಕಿಗೆ ಮಾತ್ರ, ಇದಕ್ಕಲ್ಲ.

ಮುಂಚೆಯೇ ಊರು ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಹೊರಡುವ ಹಕ್ಕು ಪ್ರತಿ ಮನೆಗೂ ಇದೆ, ಹೇಳದೆ ಹೊರಡುವ ಹಕ್ಕು ಯಾರಿಗೂ ಇಲ್ಲ. ನಮ್ಮಲ್ಲಿ ಈಗ ಡೇರಿಯ ಜಗಲಿಯಲ್ಲಿ ಒಂದು ಕಂಚಿನ ಜಾಗಟೆ ತೂಗುಹಾಕಿದೆ. ಹೊರಡುವವರು ಮೂರು ಸಲ ಬಾರಿಸಿ ಹೊರಡಬೇಕು, ಸರಿರಾತ್ರಿಯಾದರೂ ಸರಿ. ಗಾಡಿ ಮೊದಲ ಸಲ ನಡೆಯಲಾಗದವರನ್ನು ಒಯ್ಯುತ್ತದೆ, ಯಾವ ಕೇರಿಯವರಾದರೂ. ಉಳಿಯುತ್ತೇನೆ ಎಂದು ಹಟ ಹಿಡಿಯುವವರು ಇರುತ್ತಾರೆ, ಹೆಚ್ಚಾಗಿ ದನ ಬಿಟ್ಟು ಬರಲಾಗದವರು. ಅವರನ್ನು ಬೈಯುವ ಬದಲು ದನಗಳ ಹಗ್ಗ ಬಿಚ್ಚಲು ಸಹಾಯ ಮಾಡಿದರೆ ಅರ್ಧ ಜನ ಬರುತ್ತಾರೆ.

ಸಿಗ್ನಲ್ ಬಂದಾಗ

ಅಪಾಯ ಮುಗಿಯಿತು ಎಂದುಕೊಳ್ಳುವ ಈ ಗಳಿಗೆ ಮೋಸದ್ದು. ನಾಲ್ಕು ದಿನದ ಮೆಸೇಜುಗಳು ಒಮ್ಮೆಲೇ ಸುರಿಯುತ್ತವೆ, ಬೇರೆ ಜಿಲ್ಲೆಯ, ಬೇರೆ ವರ್ಷದ ವಿಡಿಯೊಗಳೂ ಸೇರಿ. ಅವೂ ಮೊದಲು "ಕೇಳಿದ್ದು" ಕಾಲಂಗೇ ಹೋಗಲಿ. ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೋ, 112ಕ್ಕೋ ಊರಿನ ಪರವಾಗಿ ಒಬ್ಬರೇ ಮಾತನಾಡಲಿ, ಸ್ಪೀಕರ್ ಹಾಕಿ, ಎಲ್ಲರಿಗೂ ಕೇಳುವಂತೆ. ಬ್ಯಾಟರಿ ರೇಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಚಿಲಿಯ ಗಣಿಯಲ್ಲೂ ಆಗಸ್ಟ್ 22ರಂದು ಕೊರೆಯುವ ಯಂತ್ರ ಮೇಲಿನಿಂದ ಬಂದು ತಲುಪಿದ ಮೇಲೆ, ಊಟ ಔಷಧಿ ಪತ್ರಗಳೆಲ್ಲ ಇಳಿದು ಬರತೊಡಗಿದ ಮೇಲೆ, ಹೊಸ ಬಗೆಯ ಮನಸ್ತಾಪಗಳು ತಲೆಯೆತ್ತಿದವು: ಪತ್ರಿಕೆಗಳು, ಹಣ, ಯಾರ ಕಥೆ ಯಾರು ಮಾರಬೇಕು ಎಂಬುದು. ಬರುವ ದುಡ್ಡನ್ನು ಸಮನಾಗಿ ಹಂಚಿಕೊಳ್ಳೋಣ ಎಂದು ಅವರು ಆಳದಲ್ಲೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ನಮಗೆ ಅಷ್ಟು ದುಡ್ಡು ಬರುವುದಿಲ್ಲ. ಬರುವುದು ಪರಿಹಾರದ ಕಿಟ್. ಅದರ ಪಟ್ಟಿಯನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಅದೇ ಜಗಲಿಯಲ್ಲಿ ಓದಿ.

ದಾರಿ ತೆರೆದ ಮೇಲೆ

ಒಂದು ವಾರದೊಳಗೆ ಎಲ್ಲರೂ ಕುಳಿತು ಪುಸ್ತಕವನ್ನು ಮೊದಲ ಪುಟದಿಂದ ಓದಿ. ತಪ್ಪಾದ ವದಂತಿಗಳ ಹತ್ತಿರ ಬಂದಾಗ ಜನ ನಗುತ್ತಾರೆ, ನಗಲಿ. ತಂದವರ ಹೆಸರನ್ನು ಮಾತ್ರ ಗಟ್ಟಿಯಾಗಿ ಓದಬೇಡಿ. ಲೆಕ್ಕಗಳನ್ನು ತೀರಿಸಿ: ಸೊಸೈಟಿಯ ಅಕ್ಕಿ, ಪಿಕಪ್ಪಿನ ಡೀಸೆಲ್, ಆ ದಿನಗಳಲ್ಲಿ ಕೂಲಿ ತಪ್ಪಿದ ಲೈನ್‌ಮನೆಯವರ ಊಟದ ಖರ್ಚು.

ನಮ್ಮ ಹಳೆಯ ಎರಡು ಮೂಟೆಯ ಲೆಕ್ಕ ತೀರಿದ್ದು 2021ರಲ್ಲಿ. ಕೆಳಗಿನ ಕೇರಿಯ ಹಿರಿಯರೊಬ್ಬರು ಒಂದು ಬೆಳಗ್ಗೆ ಹಾಲು ಹಾಕಲು ಬಂದವರು ಕ್ಯಾನ್ ಇಳಿಸಿ, ಹೆಗಲ ಮೇಲಿಂದ ಒಂದು ಮೂಟೆಯನ್ನೂ ಇಳಿಸಿದರು. "ಇನ್ನೊಂದು ನಾಳೆ ತರುತ್ತೇನೆ, ಇವತ್ತು ಬೆನ್ನು ನೋವು" ಎಂದರು. ಯಾರೂ ಏನೂ ಕೇಳಲಿಲ್ಲ. ಕಾರ್ಯದರ್ಶಿ ಮೊಳೆಯಿಂದ ನೋಟ್‌ಬುಕ್ ತೆಗೆದು, ಕಂಡದ್ದು ಎಂಬ ಕಾಲಂನಲ್ಲಿ ಬರೆದುಕೊಂಡರು: ಅಕ್ಕಿ, ಒಂದು ಮೂಟೆ, ಬೆಳಗ್ಗೆ ಆರೂವರೆ.